ಹಳದಿ ಕಾರ್ಡಿನ ಹಿಂಬದಿ

ನನ್ನ ಶಾಲೆಯ ಮಕ್ಕಳು ಓದಲು ಕಲಿತದ್ದು ಊರವರ ಲಗ್ನಪತ್ರಿಕೆಗಳ ಹಿಂಬದಿಯಲ್ಲಿ. ಜಂಬಕ್ಕೆ ಹೇಳುವ ಮಾತಲ್ಲ ಇದು. ಬೇರೆ ಗಟ್ಟಿ ಕಾಗದ ನಮಗೆ ಸಿಗುತ್ತಿರಲಿಲ್ಲ, ಅಷ್ಟೇ.

ಶಹಾಪುರದಿಂದ ಸುರಪುರದ ಕಡೆ ಹೋಗುವ ಬಸ್ಸಿನಿಂದ ನಡುದಾರಿಯಲ್ಲಿ ಇಳಿದು, ಕಾಲುವೆಯ ಏರಿ ಹಿಡಿದು ನಡೆದರೆ ಆ ಊರು ಸಿಗುತ್ತಿತ್ತು. ನಾನು ಅಲ್ಲಿ ಮೂರನೆಯ ತರಗತಿಯವರೆಗಿನ ಮಕ್ಕಳಿಗೆ ಟೀಚರ್. ಕಾಲುವೆಗೆ ನೀರು ಬರತೊಡಗಿ ಕೆಲವು ವರ್ಷಗಳಾಗಿದ್ದವು. ಜೋಳ, ಸಜ್ಜೆ ಬೆಳೆಯುತ್ತಿದ್ದ ಕರಿನೆಲದಲ್ಲಿ ಭತ್ತ ನಿಂತಿತ್ತು. ಆಂಧ್ರದ ಕಡೆಯಿಂದ ಬಂದು ಹೊಲ ಹಿಡಿದವರು ಏರಿಯ ಆಚೆ ಮನೆ ಕಟ್ಟಿಕೊಂಡಿದ್ದರು. ಆ ಜಾಗಕ್ಕೆ ಎಲ್ಲರೂ ಕ್ಯಾಂಪ್ ಎನ್ನುತ್ತಿದ್ದರು. ನಮ್ಮೂರಿನ ಕೂಲಿಯವರು ಅಲ್ಲಿಗೆ ಸಸಿ ಹಚ್ಚಲು ಹೋಗುತ್ತಿದ್ದರು, ಮಕ್ಕಳನ್ನೂ ಕಟ್ಟಿಕೊಂಡು. ಕಾಲುವೆಗೆ ನೀರು ಬಿಟ್ಟರಂತೆ ಎಂಬ ಸುದ್ದಿ ಬಂದ ಮರುದಿನ ನನ್ನ ಕೋಣೆ ಅರ್ಧ ಖಾಲಿಯಾಗುತ್ತಿತ್ತು. ಊರಿಗೆಲ್ಲ ನೀರು ಬಂದ ಸಂಭ್ರಮ, ನನಗೊಬ್ಬಳಿಗೆ ಸಿಟ್ಟು. ಅದನ್ನು ಯಾರ ಮೇಲೆ ತೀರಿಸಿಕೊಳ್ಳಬೇಕೋ ತಿಳಿಯದೆ ಹಾಜರಿ ಪುಸ್ತಕದ ಮೇಲೆ ತೀರಿಸಿಕೊಳ್ಳುತ್ತಿದ್ದೆ, ಗೈರುಹಾಜರಿಯ ಗುರುತನ್ನು ಹಾಳೆ ಹರಿಯುವಷ್ಟು ಒತ್ತಿ ಬರೆದು.

ಶಾಲೆಗೆ ಸರಕಾರ ಕೊಟ್ಟ ಒಂದು ಅಕ್ಷರಪಟವಿತ್ತು. ಅದರಲ್ಲಿ ಋಷಿ ಇದ್ದ, ಐರಾವತವಿತ್ತು. ಗಡ್ಡ ಬಿಟ್ಟವರನ್ನು ಕಂಡರೆ ಫಕೀರ ಎನ್ನುವ ಮಕ್ಕಳಿಗೆ ಋಷಿಯನ್ನು ವಿವರಿಸುವುದರಲ್ಲೇ ಒಂದು ಮುಂಜಾನೆ ಹೋಗುತ್ತಿತ್ತು. ನನಗೆ ಸಾಕಾಯಿತು. ನಾನೇ ಕಾರ್ಡು ಮಾಡಲು ಕೂತೆ. ಆ ಎಂದರೆ ಆಡು, ಕ ಎಂದರೆ ಕಸಬರಿಗೆ, ಬ ಎಂದರೆ ಬಳೆ. ನನ್ನ ಚಿತ್ರಕಲೆ ಎಂಥದ್ದೆಂದರೆ, ಆಡು ಬರೆದರೆ ಮಕ್ಕಳು ನಾಯಿ ಎಂದು ಓದುತ್ತಿದ್ದರು. ಆಮೇಲೆ ಗಡ್ಡ ಬರೆದು ಸುಧಾರಿಸಿದೆ.

ಕಾಗದ ಬಂದದ್ದು ಊರಿನ ಕಿರಾಣಿ ಅಂಗಡಿಯಿಂದ. ಅಂಗಡಿಯ ಮುದುಕ ತನಗೆ ಬಂದ ಲಗ್ನಪತ್ರಿಕೆಗಳನ್ನೆಲ್ಲ ಒಂದು ತಂತಿಗೆ ಚುಚ್ಚಿ ತೊಲೆಗೆ ನೇತುಹಾಕಿದ್ದ. ಎಷ್ಟೋ ವರ್ಷದವು, ಕೆಳಗಿನವು ಹೊಗೆ ಹಿಡಿದು ಕಂದಾಗಿದ್ದವು. ಆಗಿನ ಅಗ್ಗದ ಪತ್ರಿಕೆಗಳಿಗೆ ಮುಂದೆ ಮಾತ್ರ ಅಚ್ಚು, ಹಿಂದೆ ಖಾಲಿ. ಕೇಳಿದ ಕೂಡಲೇ ತಂತಿ ಇಳಿಸಿ ಕೊಟ್ಟ. ಆದರೆ ಒಂದು ಕರಾರು ಹಾಕಿದ.

"ಎಷ್ಟ ಬೇಕಾರ ಒಯ್ರಿ ಅಕ್ಕೋರ. ಹೆಸರಿನ ಮ್ಯಾಲ ಮಾತ್ರ ಕತ್ರಿ ಆಡಸಬ್ಯಾಡ್ರಿ. ಗಂಡ ಹೇಣ್ತಿ ಹೆಸರಿನ ನಡುವಂತೂ ಬ್ಯಾಡೇ ಬ್ಯಾಡ."

ನನ್ನ ತವರಿನಲ್ಲೂ ಹೀಗೇ ಅನ್ನುತ್ತಿದ್ದರು. ಹೆಸರಿದ್ದ ಕಾಗದ ಹಳತಾದರೆ ಯಾರಾದರೂ ಕೃಷ್ಣಾ ದಂಡೆಯ ತಿಂಥಣಿಗೆ ಹೋಗುವಾಗ ಕೊಟ್ಟು ಕಳಿಸಿ ಹೊಳೆಗೆ ಬಿಡಿಸುತ್ತಿದ್ದರೇ ಹೊರತು ಹರಿದುಹಾಕುತ್ತಿರಲಿಲ್ಲ. ಹಾಗಾಗಿ ದಿನ, ವಾರ, ಸ್ಥಳ ಇದ್ದ ಭಾಗವನ್ನು ಸಣ್ಣ ಸಣ್ಣ ಕಾರ್ಡು ಮಾಡಿದೆ. ವಧೂವರರ ಹೆಸರಿದ್ದ ಭಾಗವನ್ನು ಇಡಿಯಾಗಿ ಬಿಟ್ಟೆ, ಅದರ ಹಿಂದೆ ಉದ್ದದ ಪದಗಳನ್ನು ಬರೆದೆ. ಅರಿಸಿನ ಹಚ್ಚಿದ ಮೂಲೆಗಳು ಹಾಗೇ ಉಳಿದವು. ತಂತಿಯ ತೂತೂ ಉಳಿಯಿತು. ತಾಲೂಕಿನಿಂದ ಬಂದ ಸಾಹೇಬರೊಬ್ಬರು ಕಾರ್ಡುಗಳನ್ನು ಇಸ್ಪೀಟಿನಂತೆ ಕಲೆಸಿ ನೋಡಿ, ಎಲ್ಲಾ ಒಂದೇ ಅಳತೆ ಇರಬೇಕು, ಇದೇನು ಒಂದು ಕುಳ್ಳ ಒಂದು ಉದ್ದ ಎಂದರು. ಕಾರಣ ಹೇಳಿದರೆ ನಗುತ್ತಾರೆಂದು ಹೇಳಲಿಲ್ಲ. ಹೇಳದಿದ್ದರೂ ನಕ್ಕರು.

ಮೂರನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ತಾಯಿ ಇವಳನ್ನು ಹೆತ್ತ ಕೆಲವೇ ದಿನಕ್ಕೆ ತೀರಿಹೋಗಿದ್ದಳು. ತಂದೆ ಇನ್ನೊಂದು ಮದುವೆಯಾಗಿ ಯಾದಗಿರಿಯ ಕಡೆ ಇದ್ದ, ಈ ಕಡೆ ಸುಳಿಯುತ್ತಿರಲಿಲ್ಲ. ಸಾಕುತ್ತಿದ್ದವಳು ತಾಯಿಯ ತಾಯಿ, ಹುಡುಗಿಯ ಬಾಯಲ್ಲಿ ಆಯಿ, ಕೂಲಿ ಮಾಡುವ ಹೆಂಗಸು. ಹುಡುಗಿ ಅಕ್ಷರ ಗುರುತಿಸುತ್ತಿದ್ದಳು, ಕೂಡಿಸಿ ಓದು ಎಂದರೆ ಬಾಯಿಗೆ ಬೀಗ. ಬೈದರೂ ಅಷ್ಟೇ, ರಮಿಸಿದರೂ ಅಷ್ಟೇ. ಅವಳಿಗೆ ಬೇಕಾದದ್ದು ಯಾವಾಗಲೂ ಒಂದೇ ಕಾರ್ಡು, ಉದ್ದನೆಯ ಹಳದಿ ಕಾರ್ಡು. ಅದರ ಮೇಲೆ 'ಕಾಲುವೆ' ಎಂದು ಬರೆದು ನೀಲಿ ಗೆರೆ ಎಳೆದಿದ್ದೆ. ಒಂದು ದಿನ ಅದನ್ನು ಮಗುಚಿ ಹಿಡಿದು ನನ್ನ ಹತ್ತಿರ ಬಂದಳು.

"ಅಕ್ಕೋರ, ಇದರ ಹಿಂದ ಯಾರ ಹೆಸರ ಅದರಿ?"

ಓದಿ ನೋಡಿದೆ. ವರನ ಜಾಗದಲ್ಲಿ ಇದ್ದದ್ದು ಹಾಜರಿ ಪುಸ್ತಕದಲ್ಲಿ ದಿನವೂ ನಾನು ಅವಳ ಹೆಸರಿನ ಮುಂದೆ ಕಾಣುವ ತಂದೆಯ ಹೆಸರು, ಅದೇ ಅಡ್ಡಹೆಸರು. ವಧು ಈ ಊರಿನವಳು. ಆಗ ಶಾಲೆಯಲ್ಲಿ ತಾಯಿಯ ಹೆಸರು ಬರೆದುಕೊಳ್ಳುವ ರೂಢಿ ಇರಲಿಲ್ಲ. ನನಗೂ ಆ ತಾಯಿಯ ಹೆಸರು ಗೊತ್ತಾದದ್ದು ಆಗಲೇ. ನಿಮ್ಮವ್ವನ ಹೆಸರೇನು ಎಂದು ಕೇಳಿದೆ. ಗೊತ್ತಿಲ್ಲ ಎಂದಳು. ಮನೆಯಲ್ಲಿ ಯಾರೂ ಆ ಹೆಸರು ಎತ್ತುವುದಿಲ್ಲವಂತೆ. ಕೇಳಿದರೆ ಆಯಿ ಅಳುತ್ತಾಳೆ, ಅದಕ್ಕೇ ಕೇಳುವುದಿಲ್ಲ ಎಂದಳು.

ಓದಿ ಹೇಳಿಬಿಡಬಹುದಿತ್ತು. ಆದರೆ ನಾನು ಟೀಚರ್. ಎಷ್ಟೋ ದಿನದಿಂದ ಹುಡುಕುತ್ತಿದ್ದ ಕೀಲಿ ಕೈಗೆ ಸಿಕ್ಕಂತೆಯೂ ಅನ್ನಿಸಿತು.

"ನಿಮ್ಮವ್ವನ ಹೆಸರ ಅದ," ಎಂದೆ. "ನಾ ಹೇಳೂದಿಲ್ಲ, ನೀನ ಓದು. ಓದಿದ ದಿನ ಈ ಕಾರ್ಡ್ ನಿನಗ."

ಅವಳು ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಪೆಟ್ಟಿಗೆಯಲ್ಲಿ ತಾನೇ ಇಟ್ಟು ಬಂದಳು.

ಅವತ್ತಿನಿಂದ ನನ್ನ ಕೆಲಸ ಅವಳ ಸುತ್ತಲೇ ನಡೆಯಿತು. ಆ ಹೆಸರಿನಲ್ಲಿ ಇದ್ದ ಅಕ್ಷರಗಳಿಗೆ ಬೇರೆ ಕಾರ್ಡು ಮಾಡಿದೆ. ಮೈದಾ ಹಿಟ್ಟಿನ ಅಂಟಿನಲ್ಲಿ ದಪ್ಪಗೆ ಅಕ್ಷರ ಬರೆದು, ಕಾಲುವೆ ಕಟ್ಟಿದವರು ಬಿಟ್ಟುಹೋದ ಮರಳನ್ನು ಜರಡಿ ಹಿಡಿದು ಅದರ ಮೇಲೆ ಉದುರಿಸಿದೆ. ಒಣಗಿದ ಮೇಲೆ ಬೆರಳಿಟ್ಟು ತೀಡಿದರೆ ಅಕ್ಷರದ ಸುತ್ತು ಕೈಗೆ ತಾಕುತ್ತಿತ್ತು. ನಮ್ಮ ಕಡೆಯ ಬಹಳ ಹೆಂಗಸರ ಹೆಸರಿನಂತೆ ಅದರ ಕೊನೆಯಲ್ಲೂ 'ಮ್ಮ' ಇತ್ತು. ಹಾಗಾಗಿ ತಮ್ಮ, ನಮ್ಮ, ಗುಮ್ಮ ಎಲ್ಲ ಕಾರ್ಡಾದವು. ಅವಳು ಕಣ್ಣು ಮುಚ್ಚಿ ಬೆರಳಾಡಿಸುವಳು, ತುಟಿ ಮಾತ್ರ ಅಲ್ಲಾಡುವುದು. ಉಳಿದ ಮಕ್ಕಳು ಮರಳನ್ನು ಉಗುರಿನಿಂದ ಕೆರೆದು ಹಾಕುತ್ತಿದ್ದರು; ಇವಳ ಕಾರ್ಡಿನಿಂದ ಒಂದು ಕಾಳೂ ಉದುರಲಿಲ್ಲ. ಮನೆಗೂ ಒಯ್ಯುತ್ತೇನೆ ಎಂದಳು, ದಾರ ಕಟ್ಟಿ ಕೊಟ್ಟೆ. ಒಂದು ದಿನ 'ನಮ್ಮ' ಎಂದು ಕೂಡಿಸಿ ಓದಿದಳು. ನಾನು ಕೂತಲ್ಲಿಂದ ಎದ್ದು ನಿಂತೆ. ಖುಷಿಯಾಗಿತ್ತು, ಜೊತೆಗೆ ಹೆದರಿಕೆಯೂ ಇತ್ತು. ಕಾಲುವೆಗೆ ನೀರು ಬಿಡುವ ಕಾಲ ಹತ್ತಿರ ಬರುತ್ತಿತ್ತು. ಹೋದ ವರ್ಷ ಹಾಗೆ ಹೋದ ಮಕ್ಕಳಲ್ಲಿ ಎಷ್ಟೋ ಜನ ತಿರುಗಿ ಬಂದಿರಲಿಲ್ಲ. ಇವಳು ಓದಿಬಿಟ್ಟರೆ, ಆ ರುಚಿಗೆ ಮತ್ತೆ ಬಂದಾಳು ಎಂದು ನಾನು ಲೆಕ್ಕ ಹಾಕಿಕೊಂಡಿದ್ದೆ.

ಆ ಸಲ ನೀರು ಬೇಗ ಬಂತು. ಬಸ್ಸಿಳಿದು ಏರಿ ಹತ್ತಿದಾಗ ಕಾಲುವೆ ತುಂಬಿ ಕೆಂಪಗೆ ಹರಿಯುತ್ತಿತ್ತು. ಕೋಣೆಗೆ ಹೋದರೆ ಅವಳ ಜಾಗ ಖಾಲಿ. ಮಾರನೆಯ ದಿನವೂ ಖಾಲಿ. ಹೆಡ್‌ಮಾಸ್ತರರು ತಲೆ ಕೆಡಿಸಿಕೊಳ್ಳಬೇಡಿ, ಪ್ರತಿ ವರ್ಷದ್ದೇ ಅಲ್ಲವೇ ಎಂದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು, ಅದಕ್ಕೇ ನನಗೆ ಮತ್ತಷ್ಟು ಸಿಟ್ಟು ಬಂತು. ಶಾಲೆ ಬಿಟ್ಟ ಮೇಲೆ ಹಳದಿ ಕಾರ್ಡನ್ನು ಚೀಲದಲ್ಲಿಟ್ಟುಕೊಂಡು ಕ್ಯಾಂಪಿನ ಗದ್ದೆಗೆ ಹೋದೆ.

ಮೋಡ ಮುಚ್ಚಿದ್ದ ಸಂಜೆ. ಹೆಂಗಸರು ಸಾಲಾಗಿ ಬಗ್ಗಿ ಸಸಿ ಹಚ್ಚುತ್ತ ಹಿಂದೆ ಹಿಂದೆ ಸರಿಯುತ್ತಿದ್ದರು. ಸಾಲಿನ ಕೊನೆಯಲ್ಲಿ ಅಜ್ಜಿ, ಅವಳ ಪಕ್ಕದಲ್ಲಿ ಹುಡುಗಿ, ಲಂಗ ಮೇಲಕ್ಕೆ ಕಟ್ಟಿ, ಮೊಣಕಾಲವರೆಗೆ ಕೆಸರು. ಕೂಗಿದೆ. ಇಬ್ಬರೂ ಬದುವಿಗೆ ಬಂದರು. ಬೈಯಲು ಬಂದಿದ್ದಾರೆ ಎಂದುಕೊಂಡಳೋ ಏನೋ, ಅಜ್ಜಿ ನಾನು ಕೇಳುವ ಮೊದಲೇ ತನ್ನ ಕಷ್ಟ ಹೇಳತೊಡಗಿದಳು. ಒಬ್ಬಳೇ ಆಗುವುದಿಲ್ಲ, ಸೊಂಟ ಬಿದ್ದುಹೋಗಿದೆ, ಹುಡುಗಿ ಬಂದರೆ ಅಷ್ಟು ಹಗುರ ಎಂದಳು. ನಾನು ಕಾರ್ಡು ತೆಗೆದೆ. ಇದು ನಿನ್ನ ಮಗಳ ಲಗ್ನಪತ್ರಿಕೆ ಎಂದೆ.

ಅಜ್ಜಿ ಕಾಲುವೆಯ ತೂಬಿಗೆ ಹೋಗಿ ಮೊಣಕೈವರೆಗೆ ತೊಳೆದುಕೊಂಡು, ಸೆರಗಿನಲ್ಲಿ ಒರೆಸಿಕೊಂಡು ಬಂದು ಅದನ್ನು ಹಿಡಿದಳು. ಅವಳ ಮನೆಯಲ್ಲಿ ಅದರ ಒಂದು ಪ್ರತಿಯೂ ಉಳಿದಿರಲಿಲ್ಲ. ಹಂಚಲೆಂದು ಮಾಡಿಸಿದ್ದೆಲ್ಲ ಹಂಚಿಹೋಗಿತ್ತು. ಅರಿಸಿನದ ಮೂಲೆಯನ್ನು ಹೆಬ್ಬೆರಳಿನಿಂದ ಸವರಿದಳು. ಮೇಲೆ ಕೆಳಗೆ ತಿರುಗಿಸಿದಳು. ಯಾವ ಕಡೆ ನೆಟ್ಟಗೆ ಎಂಬುದು ಅವಳಿಗೆ ತಿಳಿಯುತ್ತಿರಲಿಲ್ಲ.

"ಆಕಿಗಿ ಬರ್ತದೇನ್ರಿ ಓದಾಕ?" ಎಂದಳು.

ನಾನು ಹುಡುಗಿಯ ಮುಖ ನೋಡಿದೆ. ಅವಳೂ ಹೋಗಿ ಕೈ ತೊಳೆದುಕೊಂಡು ಬಂದಳು. ಕಾರ್ಡನ್ನು ಅಜ್ಜಿಯ ಕೈಯಲ್ಲೇ ನೆಟ್ಟಗೆ ಮಾಡಿ, ಮೊದಲ ಅಕ್ಷರದ ಕೆಳಗೆ ಬೆರಳಿಟ್ಟಳು. ಒಂದೊಂದಾಗಿ ಹೇಳಿದಳು, ನಡುವೆ ಒಂದು ಕಡೆ ತಡೆದು ನಿಂತಳು. ನಾನು ಹೇಳಿಕೊಡಲಿಲ್ಲ. ಮತ್ತೆ ಮೊದಲಿನಿಂದ ಹಿಡಿದು, ಕೊನೆಯ 'ಮ್ಮ'ದವರೆಗೆ ಬಂದು, ಪೂರ್ತಿ ಹೆಸರನ್ನು ಒಂದೇ ಉಸಿರಿಗೆ ಅಂದಳು. ಅಜ್ಜಿ ಇನ್ನೊಮ್ಮೆ ಅನ್ನು ಎಂದಳು. ಹುಡುಗಿ ಅಂದಳು. ಈ ಸಲ ಅವಳು ಕಾರ್ಡು ನೋಡಲೇ ಇಲ್ಲ, ಅಜ್ಜಿಯ ಮುಖ ನೋಡುತ್ತಿದ್ದಳು. ಅಜ್ಜಿಯ ಕಣ್ಣಿನಿಂದ ನೀರು ಸುರಿಯುತ್ತಿತ್ತು, ದನಿಯಲ್ಲಿ ಮಾತ್ರ ಅಳು ಇರಲಿಲ್ಲ. ನನಗೂ ಅಳು ಬಂತು. ಗೆದ್ದೆ ಎಂದುಕೊಂಡು ಬಂದ ಅಳು ಅದು.

ಅಜ್ಜಿ ಕಾರ್ಡನ್ನು ಎಲೆಅಡಿಕೆಯ ಸಂಚಿಯಲ್ಲಿ ಮಡಚದೆ ಇಟ್ಟು, ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ನನ್ನ ಎರಡೂ ಕೈ ಹಿಡಿದುಕೊಂಡಳು. ಇದೇ ಸಮಯ ಎಂದು ನಾನು ಬಾಯಿ ತೆರೆದೆ: ನಾಟಿ ಮುಗಿದ ಮೇಲಾದರೂ ಹುಡುಗಿಯನ್ನು ಕಳಿಸು, ಎಷ್ಟು ಚೆಂದ ಓದಿದಳು ನೋಡು ಎಂದೆ. ಅಜ್ಜಿ ತಲೆಯಾಡಿಸಿದಳು. ಒಪ್ಪಿದಳು ಎಂದೇ ತಿಳಿದೆ.

"ಕಲಿಸಿದ್ರಿ ಯವ್ವಾ, ನಿಮಗ ಪುಣ್ಯಾ ಬರ್ತದ," ಎಂದಳು. "ನಮ್ಮ ಮನ್ಯಾಗ ಓದೂದು ಇದೊಂದ ಇತ್ರಿ. ಓದ್ಯಾಳ. ಇನ್ನ್ಯಾಕ ಸಾಲಿ?"

ಅದರಲ್ಲಿ ಕೊಂಕಿರಲಿಲ್ಲ. ನನಗೆ ನಿಜವಾಗಿಯೂ ಕೃತಜ್ಞಳಾಗಿ, ಕೆಲಸ ಮುಗಿಸಿಕೊಟ್ಟವರಿಗೆ ಹೇಳುವ ಹಾಗೆ ಹೇಳಿದ್ದಳು. ಬಸ್ಸಿನ ಬೋರ್ಡು ಓದಬೇಡವೇ ಎಂದೆ, ಔಷಧಿಯ ಚೀಟಿ ಎಂದೆ. ಅಜ್ಜಿ ಕನಿಕರದಿಂದ ಕೇಳಿಸಿಕೊಂಡಳು. ಅಷ್ಟರಲ್ಲಿ ಹುಡುಗಿ ಬದುವಿನ ಮೇಲೆ ಬುತ್ತಿಗಂಟಿನ ಪಕ್ಕ ಇಟ್ಟಿದ್ದ ಏನನ್ನೋ ತಂದು ನನ್ನ ಕೈಗೆ ಕೊಟ್ಟಳು. ನಾನು ಕೊಟ್ಟಿದ್ದ ಮರಳಿನ ಕಾರ್ಡುಗಳು. ಗದ್ದೆಗೂ ತಂದಿದ್ದಳು. ದಾರವನ್ನು ನಾನು ಕಟ್ಟಿದ ಹಾಗೆಯೇ ಕಟ್ಟಿದ್ದಳು.

"ನನ್ನದು ಆತ್ರಿ ಅಕ್ಕೋರ. ಉಳಿದವರಿಗಿ ಕೊಡ್ರಿ."

ಸಾಲಿನ ಇನ್ನೊಂದು ತುದಿಯಿಂದ ಯಾರೋ ಹೊತ್ತಾಯಿತೆಂದು ಕರೆದರು. ಇಬ್ಬರೂ ಗದ್ದೆಗಿಳಿದರು. ನಾನು ಬದುವಿನ ಮೇಲೆ ಕಾರ್ಡು ಹಿಡಿದು ನಿಂತಿದ್ದೆ. ಸಸಿ ಹಚ್ಚುವವರು ಹಚ್ಚಿದ ಕಡೆಗೆ ಮುಖ ಮಾಡಿ ಹಿಂದಕ್ಕೆ ನಡೆಯುತ್ತಾರೆ. ಹುಡುಗಿಯ ಮುಖ ನನ್ನ ಕಡೆಗೇ ಇತ್ತು, ಒಂದೊಂದೇ ಹೆಜ್ಜೆ ದೂರ ಹೋಗುತ್ತಿದ್ದಳು. ತಲೆ ಎತ್ತಿ ಒಮ್ಮೆ ನೋಡಿಯಾಳೆಂದು ಕಾದೆ. ಮರಳಿನ ಅಕ್ಷರ ತೀಡುವಾಗಿನಂತೆಯೇ ಅವಳ ತುಟಿ ಅಲ್ಲಾಡುತ್ತಿತ್ತು, ಕಣ್ಣು ಕೈಯಲ್ಲಿದ್ದ ಸಸಿಯ ಮೇಲಿತ್ತು.