ಯಾವ ಕೈಮರಕ್ಕೆ ಬಸ್ಸು?

ಮಕ್ಕಳೇ, ನೀವು ರಜೆಗೆ ಬರುವಾಗ ಕಾರು ಸೀದಾ ಅಂಗಳಕ್ಕೇ ಬರುತ್ತದೆ. ಹಾಗಾಗಿ ನಮ್ಮೂರಿನ ಬಸ್ಸಿನ ಸಂಗತಿ ನಿಮಗೆ ಅಷ್ಟಾಗಿ ಗೊತ್ತಿಲ್ಲ. ಮೂಡಿಗೆರೆಯಿಂದ ಬರುವ ಬಸ್ಸು ಟಾರು ರಸ್ತೆಯ ಕೈಮರದಲ್ಲಿ ನಮ್ಮನ್ನು ಇಳಿಸಿ ಮುಂದೆ ಹೋಗುತ್ತದೆ. ಊರುಗಳ ಹೆಸರು ಬರೆದ ಕಂಬವಿರುವ ಕವಲುದಾರಿಗೆ ನಮ್ಮಲ್ಲಿ ಕೈಮರ ಅನ್ನುತ್ತೇವೆ. ಅಲ್ಲಿಂದ ಕಾಫಿ ತೋಟದ ನಡುವೆ ಏರುದಾರಿ. ಏರು ಮುಗಿಯುವಲ್ಲಿ, ನಮ್ಮ ಮನೆಗಳ ಹತ್ತಿರ, ಇನ್ನೊಂದು ಕವಲು ಇದೆ. ಅದಕ್ಕೂ ಕೈಮರ ಎಂದೇ ಹೆಸರು.

ಕಳೆದ ಪಂಚಾಯಿತಿ ಚುನಾವಣೆಯ ಹೊತ್ತಿಗೆ ಆ ಏರಿನಲ್ಲಿ ಕಾಡಾನೆ ಓಡಾಡುತ್ತಿತ್ತು. ಪಕ್ಕದ ಮನೆಯ ಹುಡುಗಿ ಆಗ ಮೂಡಿಗೆರೆಯಲ್ಲಿ ಮೊದಲ ಪಿಯುಸಿ. ದಿನಾ ಸಂಜೆ ಅವಳ ಅಪ್ಪ ಕೆಲಸ ಬಿಟ್ಟು ಕೆಳಗಿಳಿದು ಕರೆದುಕೊಂಡು ಬರುತ್ತಿದ್ದರು.

"ಕಾಫಿ ಹಣ್ಣು ಕುಯ್ಲು ಶುರುವಾದ್ರೆ ನಂಗೆ ಪುರುಸೊತ್ತೆಲ್ಲಿ? ಮೇಲಿನ ತನಕ ಗಾಡಿ ಬರಲ್ಲ ಅಂದ್ರೆ ಕಾಲೇಜು ಬಿಟ್ಟು ಮನೇಲಿರ್ಲಿ" ಅಂದುಬಿಟ್ಟಿದ್ದರು. ಹುಡುಗಿ ನನ್ನ ಅಡುಗೆಮನೆಗೆ ಬಂದು ಪುಸ್ತಕದ ಚೀಲ ತಬ್ಬಿಕೊಂಡು ಕೂತಳು.

ನಿಮ್ಮ ಅಜ್ಜ ಇರುವಾಗ ಓಟು ಯಾರಿಗೆ ಎಂದು ಅವರೇ ಹೇಳುತ್ತಿದ್ದರು, ನಾನು ಮುದ್ರೆ ಒತ್ತಿ ಬರುತ್ತಿದ್ದೆ. ಈ ಸಲ ನಾನೇ ಯೋಚಿಸಬೇಕಿತ್ತು. ನಿಂತವರು ಇಬ್ಬರು. ಒಬ್ಬರು ಹಳ್ಳದಾಚೆಯ ಎಸ್ಟೇಟಿನ ಅಮ್ಮ, ಇನ್ನೊಬ್ಬರು ಟಾರು ರಸ್ತೆಯ ಪಕ್ಕದಲ್ಲಿ ಜೀಪಿನ ಗ್ಯಾರೇಜು ಇಟ್ಟಿರುವ ಸಾಹೇಬರು. ಹುಡುಗಿ ಇಬ್ಬರ ಕರಪತ್ರವನ್ನೂ ಓದಿ ಹೇಳಿದಳು. ಅಮ್ಮನವರದು, ಸಂಜೆ ಕೈಮರಕ್ಕೆ ಇನ್ನೊಂದು ಬಸ್ಸು. ಸಾಹೇಬರದು, ಏರುದಾರಿಯ ಮೋರಿ, ಅಂದರೆ ನೀರು ಹರಿಯುವಲ್ಲಿನ ಕಿರುಸೇತುವೆ, ಅಗಲ ಮಾಡಿಸುವುದು.

"ಬಸ್ಸೆಲ್ಲಿ, ಮೋರಿ ಎಲ್ಲಿ! ಇದಕ್ಕೆ ಯೋಚನೆ ಎಂತಕ್ಕೆ ದೊಡ್ಡಮ್ಮ?" ಅಂದಳು. ನನಗೂ ಹಾಗೇ ಅನ್ನಿಸಿತು.

ಸಾಹೇಬರು ಮನೆಗೆ ಬಂದಾಗ ಅವಳೇ ಬಸ್ಸಿನ ಮಾತೆತ್ತಿದಳು. "ಬಸ್ಸು ಬಿಡ್ಸದು ಪಂಚಾಯ್ತಿ ಕೈಲಿಲ್ಲಮ್ಮ. ಕೇಳಬಹುದು ಅಷ್ಟೇ. ಮೋರಿ ಆದ್ರೆ ನಾವೇ ಮಾಡಿಸ್ಬಹುದು" ಎಂದು ಹೇಳಿ ಹೋದರು.

"ಓಟು ಕೇಳಕ್ಕೆ ಬಂದೋರು ಆಗಲ್ಲ ಅಂತಾರಲ್ಲ" ಎಂದು ಹುಡುಗಿ ನಕ್ಕಳು.

ಎರಡು ದಿನ ಕಳೆದು ಎಸ್ಟೇಟಿನ ಅಮ್ಮ ಏಳೆಂಟು ಜನರ ಜೊತೆ ಬಂದರು. ಜಗಲಿಯಲ್ಲಿ ಹುಡುಗಿಯ ಅಪ್ಪನೂ ಕೂತಿದ್ದರು. "ಸಂಜೆ ಬಸ್ಸು ಬಂದ ಹಾಗೇ ಅಂದ್ಕೊಳ್ಳಿ" ಎಂದರು ಅಮ್ಮ. ಅವಳ ಅಪ್ಪನ ಮುಖ ಹಗುರಾಯಿತು.

ನಾಲ್ಕು ಜನರ ಎದುರು ನನಗೆ ಬಾಯಿ ಬರುವುದಿಲ್ಲ, ನಿಮಗೇ ಗೊತ್ತು. ಆದರೂ ಕಾಫಿ ಕೊಡುವಾಗ ಕೇಳಿಬಿಟ್ಟೆ. "ಯಾವ ಕೈಮರಕ್ಕೆ?"

"ಎಂತ ಅಂದ್ರಿ?"

"ಕೆಳಗಿನದಕ್ಕಾ, ಮೇಲಿನದಕ್ಕಾ?"

ಜೊತೆಗೆ ಬಂದವನೊಬ್ಬ ಪಕ್ಕದವನಿಗೆ, "ಕೈಮರ ಇರದು ಒಂದೇ ಅಲ್ವಾ ಮಾರಾಯ?" ಅಂದ.

"ನಿಮ್ಗೆ ಒಂದು, ನಮ್ಗೆ ಎರಡು" ಎಂದರು ಹುಡುಗಿಯ ಅಪ್ಪ. "ಆನೆ ಇರದು ಎರಡರ ಮಧ್ಯೆ."

ಎಲ್ಲರೂ ನಕ್ಕರು. ಅಮ್ಮ ಮಾತ್ರ ನಗಲಿಲ್ಲ. "ನಾನು ಟಾರು ರಸ್ತೇದೇ ಅಂದ್ಕೊಂಡಿದ್ದೆ. ಮೇಲಿನ ತನಕ ಬಸ್ಸು ಹತ್ತುತ್ತಾ?"

"ಹತ್ತದು ಹಾಗಿರ್ಲಿ, ಮೋರಿ ದಾಟ್ಬೇಕಲ್ಲ. ಜೀಪೇ ಒಂದು ಚಕ್ರ ಆಚೆ ಇಟ್ಕೊಂಡು ಬರ್ತದೆ" ಎಂದರು ಹುಡುಗಿಯ ಅಪ್ಪ.

ಅಮ್ಮ ಲೋಟ ಕೆಳಗಿಟ್ಟು ಎದ್ದರು. ಹೋಗುವಾಗ ನನ್ನ ಹತ್ತಿರ ಬಂದು, "ಒಳ್ಳೇದು ಕೇಳಿದ್ರಿ" ಅಂದರು. ಅವರೆಲ್ಲ ಹೋದ ಮೇಲೆ ನಾವು ಮೂವರೂ ಎರಡು ಕರಪತ್ರಗಳನ್ನು ಮತ್ತೆ ಪಕ್ಕಪಕ್ಕ ಇಟ್ಟು ನೋಡಿದೆವು. ಮೊದಲು ಸಣ್ಣದಾಗಿ ಕಂಡ ಮೋರಿ ಈಗ ದೊಡ್ಡದಾಗಿ ಕಂಡಿತು.

ಗೆದ್ದವರು ಎಸ್ಟೇಟಿನ ಅಮ್ಮನೇ. ಕೆಳಗಿನ ಕೈಮರದವರ ಓಟು ಅವರಿಗೆ ಬಿತ್ತು ಅನ್ನುತ್ತಾರೆ. ಆದರೆ ಅವರು ಮೊದಲು ಹಿಡಿದ ಕೆಲಸ ನಮ್ಮ ಮೋರಿಯದು. ಕುಯ್ಲಿಗೆ ಮುಂಚೆ ಅದಕ್ಕೆ ಅಗಲದ ಸ್ಲ್ಯಾಬು ಹಾಕಿಸಿದರು. ಬಸ್ಸು ಇವತ್ತಿಗೂ ಮೇಲೆ ಬಂದಿಲ್ಲ. ಮೋರಿ ಅಗಲವಾದ ಮೇಲೆ ಸೋತ ಸಾಹೇಬರೇ ಸಂಜೆ ಕಾಲೇಜು ಮಕ್ಕಳಿಗೆಂದು ಮೇಲಿನ ತನಕ ಒಂದು ಜೀಪು ಬಿಟ್ಟರು. ನಾನು ಮುದ್ರೆ ಒತ್ತಿದ್ದು ಯಾರಿಗೆ ಎಂದು ನಿಮ್ಮಮ್ಮ ಫೋನಿನಲ್ಲಿ ಎಷ್ಟೋ ಸಲ ಕೇಳಿದ್ದಾಳೆ. ಹೇಳಿಲ್ಲ.

ಆ ವರ್ಷದ ಕುಯ್ಲಿನಲ್ಲಿ ಹುಡುಗಿಯ ಅಪ್ಪ ಕಣದಲ್ಲಿ ಕಾಫಿ ಹರವುತ್ತಿದ್ದಾಗ ಜೀಪು ಬಂದು ನಿಂತಿತು. ಬೆಳಕು ಇನ್ನೂ ಇತ್ತು. ಅವಳು ಚೀಲ ಹೆಗಲಿಗೇರಿಸಿಕೊಂಡು ಇಳಿದಳು.

"ಮುಂದಿನ ವರ್ಷದ ಪುಸ್ತಕ ಯಾವಾಗ ತರ್ಬೇಕು?" ಎಂದರು ಅಪ್ಪ, ತಲೆಯೆತ್ತದೆ.