ರುಚಿ ನೋಡದ ಬೆಲ್ಲ

ಹಸಿವನ್ನೂ ಅನ್ನವನ್ನೂ ಕರುಣಿಸಿ, ಉಂಡದ್ದನ್ನು ಅರಗಿಸುವ ಅಗ್ನಿಯಾಗಿ ಒಡಲಲ್ಲೇ ನೆಲೆಸಿದ ನಾರಾಯಣನಿಗೆ ಮೊದಲು ನನ್ನ ಕೃತಜ್ಞತೆಯ ನಮಸ್ಕಾರ.

ಸಿಂಹಾಚಲದ ಸ್ವಾಮಿಯ ದರ್ಶನ ಮುಗಿಸಿ, ವಿಶಾಖಪಟ್ಟಣದಿಂದ ವಿಜಯವಾಡದ ತಂಗಿಯ ಮನೆಗೆ ನಾನು ಹೋದದ್ದು ಅವಳ ಗಂಡನನ್ನು ಒಂದು ಪಥ್ಯದ ತರಗತಿಗೆ ಸೇರುವಂತೆ ಒಪ್ಪಿಸಲು. ಭಾವನವರು ಅಲ್ಲಿನ ಒನ್ ಟೌನ್ ಪೇಟೆಯಲ್ಲಿ ಬೆಲ್ಲದ ಸಗಟು ವ್ಯಾಪಾರಿ. ಸಕ್ಕರೆ ಕಾಯಿಲೆಯ ಹೊಸ್ತಿಲಿಗೆ ಬಂದಿದ್ದೀರಿ ಎಂದು ವೈದ್ಯರು ಹೇಳಿದ್ದರು. ಅದೇ ಕಾಯಿಲೆ ಅವರ ತಂದೆಯ ಬೆರಳನ್ನು, ಆಮೇಲೆ ಪಾದವನ್ನು, ಕೊನೆಗೆ ಮೊಣಕಾಲನ್ನು ಗರಗಸಕ್ಕೆ ಒಪ್ಪಿಸಿತ್ತು.

ಆಸ್ಪತ್ರೆಯ ಆ ತರಗತಿಯಲ್ಲಿ ದಾವಣಗೆರೆಯ ಹುಡುಗಿಯೊಬ್ಬಳು ತಟ್ಟೆಯಲ್ಲಿ ಅನ್ನವೆಷ್ಟು, ಪಲ್ಯವೆಷ್ಟು, ಉಂಡ ಮೇಲೆ ನಡೆಯುವುದೆಷ್ಟು ಎಂದು ಕಲಿಸುತ್ತಿದ್ದಳು. ಭಾವನವರು ಎಲ್ಲವನ್ನೂ ಪಾಲಿಸಿದರು. "ಸಿಹಿ ಮುಟ್ಟಿಲ್ಲಮ್ಮ" ಎಂದು ಪ್ರತಿ ವಾರವೂ ಹೇಳುತ್ತಿದ್ದರು. ಆದರೆ ಅಂಗಡಿಗೆ ಬಂದ ಪ್ರತಿ ಬುಟ್ಟಿಯ ಬೆಲ್ಲದಿಂದ ಒಂದು ಚೂರು ಮುರಿದು ನಾಲಿಗೆಗಿಟ್ಟ ಮೇಲೆಯೇ ದರ ಹೇಳುವುದು ಅವರ ಕಸುಬಿನ ಕ್ರಮ.

ಒಂದು ಬೆಳಿಗ್ಗೆ ಅವರ ಮಗ ಅಂಗಡಿಯಲ್ಲಿ ಅದನ್ನು ಕಂಡ.

"ನಾನ್ನಾ, ಉಗೀರಿ!" ಎಂದು ಅಪ್ಪನತ್ತ ಕೂಗಿದ.

ಅವರು ಉಗಿಯಲಿಲ್ಲ. ಅವನು ತಂದೆಯ ದವಡೆಯನ್ನು ಒತ್ತಿ ಹಿಡಿದು ಬಾಯೊಳಗೆ ಬೆರಳು ತುರುಕಿದ. ಅವರು ಕಚ್ಚಿದರು. ಬೆಲ್ಲದ ಮೇಲೆ ರಕ್ತ ಸುರಿದರೂ ಅವನು ಬಿಡಲಿಲ್ಲ. ಭಾವನವರ ಕೈಗೆ ಬೆಲ್ಲ ಒಡೆಯುವ ಕಬ್ಬಿಣದ ಸಲಾಕೆ ಸಿಕ್ಕಿತು. ಮರುಕ್ಷಣ ಮಗನ ಹಣೆ ಸೀಳಿತ್ತು.

"ರುಚಿ ನೋಡೋದು ತಿನ್ನೋದೇನೋ, ಕತ್ತೆ? ವ್ಯಾಪಾರ ಕಣೋ ಇದು!"

"ಕತ್ತರಿಸಿದ ತಾತನ ಕಾಲನ್ನು ನೀವು ಸ್ಮಶಾನದಲ್ಲಿ ಸುಟ್ರಿ. ನಿಮ್ಮ ಕಾಲನ್ನು ನಾನು ಸುಡಬೇಕಾ?"

ಅಂಗಡಿಯ ಹಮಾಲಿಗಳು ತಾವೂ ಪೆಟ್ಟು ತಿಂದು ಇಬ್ಬರನ್ನೂ ಎಳೆದು ಬೇರ್ಪಡಿಸಿದರು.

ಅಂದು ಸಂಜೆಯ ತರಗತಿಗೆ ಹಣೆಗೆ ಹೊಲಿಗೆ ಹಾಕಿಸಿಕೊಂಡ ಮಗನೂ ಬಂದ. ತಂಗಿ ತುಂಬಿದ ಬಟ್ಟಲೊಂದನ್ನು ಆ ಹುಡುಗಿಯ ಮುಂದಿಟ್ಟಳು. "ನಮ್ಮ ಯಜಮಾನರು ಒಂದು ಬೆಳಿಗ್ಗೆ 'ತಿನ್ನದೆ' ಬರೀ ರುಚಿ ನೋಡೋ ಬೆಲ್ಲ ಇಷ್ಟಮ್ಮ. ಹಮಾಲಿಗಳನ್ನ ಕೇಳಿ ಅಳೆದು ತಂದೆ."

ಹುಡುಗಿ ಮೆಲ್ಲನೆ ಹೇಳಿದಳು: "ಅಂಕಲ್, ನಾಲಿಗೆಗೆ ಇದು ರುಚಿ. ರಕ್ತಕ್ಕೆ ಇದೇ ಊಟ."

"ನಾಲಿಗೆ ಕಟ್ಟಿದ್ರೆ ಯಾವ ಬೆಲ್ಲ ಉಪ್ಪುಪ್ಪಾಗಿದೆ ಅಂತ ಹೇಗಮ್ಮಾ ಗೊತ್ತಾಗತ್ತೆ?" ಎಂದು ಭಾವನವರು ಗುಡುಗಿದರು.

ಉತ್ತರ ತಂಗಿಯಿಂದ ಬಂತು. "ಮದುವೆಯಾದಾಗಿನಿಂದ ನೈವೇದ್ಯದ ಪಾಯಸ ಮಾಡ್ತಿದೀನಿ. ದೇವರಿಗಿಂತ ಮುಂಚೆ ಒಂದು ಸಲವಾದ್ರೂ ನಾಲಿಗೆಗೆ ಇಟ್ಟಿದೀನಾ? ಇಟ್ಟಿದ್ರೆ ನೀವೇ ಪಾತ್ರೆ ಎಸೀತಿದ್ರಿ! ಬೆಲ್ಲಾನೂ ಹಾಗೇ ಮುರಿದು ನೋಡಿ, ಮೂಸಿ ನೋಡಿ, ನೀರಲ್ಲಿ ಕರಗಿಸಿ ನೋಡಿ."

ಮರುದಿನ ಹಾಗೆಯೇ ನೋಡಿ ಕೊಂಡ ಮೊದಲ ಬುಟ್ಟಿಯೇ ಉಪ್ಪೆಂದು ಗಿರಾಕಿಯಿಂದ ವಾಪಸ್ ಬಂತು. ಭಾವನವರು ಸಲಾಕೆಯಿಂದ ಆ ಬೆಲ್ಲವನ್ನೆಲ್ಲ ಪುಡಿಗುಟ್ಟಿದರು, ಬುಟ್ಟಿಯನ್ನು ಒದ್ದರು, ಮೂರು ಭಾಷೆಗಳಲ್ಲಿ ಬೈದರು. ಮುಂದಿನ ಬುಟ್ಟಿಯ ಚೂರನ್ನು ತುಟಿಯವರೆಗೂ ಒಯ್ದರು. ಎದುರಿಗೆ ಮಗನ ಹಣೆಯ ಹೊಲಿಗೆಯಿತ್ತು. ಚೂರನ್ನು ಬೀದಿಗೆ ಬೀಸಿ ಒಗೆದರು.

ಅವರ ಸಿಟ್ಟು ಇಂದಿಗೂ ಇಳಿದಿಲ್ಲ. ರಕ್ತದ ಸಕ್ಕರೆ ಇಳಿದಿದೆ.

ಕಚ್ಚಿದವರಿಗೂ ಕಚ್ಚಿಸಿಕೊಂಡವನಿಗೂ, ಬಟ್ಟಲು ಹಿಡಿದು ಬಂದವಳಿಗೂ, ಕಲಿಸಿದ ಆ ಹುಡುಗಿಗೂ, ನಡುವೆ ಬಂದು ಪೆಟ್ಟು ತಿಂದ ಹಮಾಲಿಗಳಿಗೂ ಸ್ವಾಮಿಯು ನೂರು ವರ್ಷ ತಮ್ಮ ಕಾಲ ಮೇಲೆಯೇ ನಡೆಯುವ ಭಾಗ್ಯ ಕೊಡಲಿ.