ತೂತು ಕೊರೆಯುವ ಮೊದಲು

ಸೀತಾಂಗೋಳಿಯ ಆ ಮೆಕ್ಯಾನಿಕ್ ಗಾಡಿಗೆ ತೂತು ಕೊರೆಯುವ ಮೊದಲು ಡ್ರಿಲ್ ಕೆಳಗಿಟ್ಟು, ಕೈ ಒರೆಸಿಕೊಂಡು, ಗಾಡಿಯವನ ಮುಖ ನೋಡುತ್ತಿದ್ದರು.

"ಮತ್ತೆ ಮುಚ್ಚಲಿಕ್ಕೆ ಆಗುದಿಲ್ಲ ಮಾರಾಯ್ರೆ. ಗಟ್ಟಿಯಾ?"

ನನ್ನ ಜೀಪು ಕಚೇರಿ ಮತ್ತು ಮೀನು ಮಾರ್ಕೆಟ್ ಬಿಟ್ಟು ಬೇರೆಲ್ಲಿಗೂ ಹೋದದ್ದಿಲ್ಲ. ಆದರೂ ಅದಕ್ಕೆ ದಪ್ಪ ಟಯರು ಹಾಕಿಸಿದ್ದೆ. ಈಗ ಅವುಗಳ ಮೇಲೆ ಹೊರಚಾಚುವ ಅಗಲ ಪಟ್ಟಿ, ಫೆಂಡರ್ ಫ್ಲೇರ್, ತೂತು ಕೊರೆದು ಕೂರಿಸಬೇಕಿತ್ತು. ಪ್ರತಿ ಚಕ್ರದ ಬಳಿಯೂ ಅವರು ಅದನ್ನೇ ಕೇಳಿದರು. ಬೆಟ್ಟ ಹತ್ತುವವನ ಗತ್ತಿನಲ್ಲಿ ನಾನು ಪ್ರತಿ ಸಲವೂ "ಗಟ್ಟಿ" ಎಂದೆ.

ಸಂಜೆ ಜೀಪು ನಮ್ಮ ಗೇಟಿನ ಕೆಂಪುಕಲ್ಲಿನ ಕಂಬಗಳ ನಡುವೆ ಹಿಡಿಸಲಿಲ್ಲ. ಫೋನ್ ಮಾಡಿ ಅವರನ್ನೇ ಕರೆಸಿದೆ. ಅವರು ಗೇಣಿನಲ್ಲಿ ಅಳೆದು, ಸ್ವಲ್ಪವೂ ನಗದೆ, ಕಂಬದ ಮೇಲೆ ಕೈಯಿಟ್ಟರು.

"ಇದನ್ನು ಕೆಡವುವ ಮಾರಾಯ್ರೆ. ಗಟ್ಟಿಯಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಜಗಲಿಯಿಂದ ಹೆಂಡತಿ ಹೇಳಿದಳು: "ಈ ಸಲ ನನ್ನತ್ರ ಕೇಳಿ."